ರೇಡಿಯೋ ಸುಮ್ಮನಿರಬಾರದು

ಶರ್ವಿನ್ ರೇಸ್ ಬೋಟಿನ ತಂಡದಲ್ಲಿ ಕೆಲಸ ಮಾಡುತ್ತಾನೆ ಎಂದರೆ ಕೇಳಿದವರ ಹುಬ್ಬು ಮೇಲೇರುತ್ತಿತ್ತು. ಆ ಹುಬ್ಬು ಕೆಳಗಿಳಿಯುವುದರೊಳಗೆ ಮಾತನ್ನು ಬೇರೆ ಕಡೆಗೆ ತಿರುಗಿಸುವುದನ್ನು ಅವನು ಚೆನ್ನಾಗಿ ಕಲಿತಿದ್ದ. ತಿರುಗಿಸದಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಬೋಟು ಓಡಿಸುವುದು ನೀನಾ? ಅಲ್ಲ. ಇಂಜಿನ್ ಕೆಲಸವಾ? ಅದೂ ಅಲ್ಲ. ಬೋಟಿನ ಮೈ ಬಿರುಕು ಬಿಟ್ಟ ಕಡೆ ಫೈಬರ್ ಬಟ್ಟೆ ಅಂಟಿಸಿ, ರಾಳ ಬಳಿದು, ಒಣಗಿದ ಮೇಲೆ ನುಣ್ಣಗೆ ಉಜ್ಜುವುದು ಅವನ ಕೆಲಸ. ಊರಾದ ಉಚ್ಚಿಲದಿಂದ ಚಿಕ್ಕಮ್ಮ ಒಮ್ಮೆ ಫೋನಿನಲ್ಲಿ ಇದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, "ಹಾಗಾದ್ರೆ ಪಂಕ್ಚರ್ ಕೆಲಸ" ಅಂದಿದ್ದಳು. ಅದಕ್ಕಿಂತ ಸರಿಯಾದ ಹೆಸರು ಅವನಿಗೂ ಸಿಕ್ಕಿರಲಿಲ್ಲ.

ಅವನು ದುಬೈಗೆ ಬಂದದ್ದು ನೀರಿನ ಟ್ಯಾಂಕ್ ಮಾಡುವ ಕಂಪನಿಗೆ. ಅಲ್ ಕುಸೈಸ್‌ನ ಗೋದಾಮುಗಳ ಸಾಲಿನಲ್ಲಿ ಅದರ ಪಕ್ಕದ ಶೆಡ್ಡು ಈ ರೇಸ್ ತಂಡದ್ದು. ಒಂದು ಮಧ್ಯಾಹ್ನ ಅಲ್ಲಿನ ಮುಖ್ಯ ಮೆಕ್ಯಾನಿಕ್, ಬ್ರೂನೊ ಎಂಬ ಇಟಲಿಯವನು, ಬೆವರು ಒರೆಸಿಕೊಳ್ಳುತ್ತ ಬಂದು, ಫೈಬರ್ ಕೆಲಸ ಗೊತ್ತಿರುವ ಒಬ್ಬನನ್ನು ಒಂದು ಗಂಟೆಗೆ ಕೊಡಿ ಎಂದು ಕೇಳಿದ. ಆ ಒಂದು ಗಂಟೆಗೆಂದು ಹೋದ ಶರ್ವಿನ್ ಎರಡು ವರ್ಷವಾದರೂ ಹಿಂದಕ್ಕೆ ಬಂದಿರಲಿಲ್ಲ. ವೀಸಾವೂ ಅವನ ಹಿಂದೆಯೇ ಆ ಶೆಡ್ಡಿಗೆ ನಡೆದುಕೊಂಡು ಹೋಯಿತು.

ಅಲ್ಲಿದ್ದ ಬೋಟು ಅವನು ಊರಲ್ಲಿ ಕಂಡ ಯಾವ ದೋಣಿಯ ಹಾಗೂ ಇರಲಿಲ್ಲ. ಏಡಿಯ ಕೊಂಬುಗಳಂತೆ ಮುಂದಕ್ಕೆ ಚಾಚಿದ ಎರಡು ತೋಳು, ನಡುವೆ ಗಾಜಿನ ಮುಚ್ಚಳದಡಿ ಒಬ್ಬನೇ ಕೂರುವಷ್ಟು ಗೂಡು. ಹೈಡ್ರೋಪ್ಲೇನ್ ಎಂದು ಅದರ ಜಾತಿ. ವೇಗ ಹೆಚ್ಚಿದ ಮೇಲೆ ಇಂಥ ಬೋಟು ತೇಲುವುದಿಲ್ಲ, ನೀರಿನ ಮೇಲೆ ಜಾರುತ್ತದೆ. ಎರಡು ತೋಳುಗಳ ತುದಿ ಮತ್ತು ಹಿಂದಿನ ಪ್ರೊಪೆಲ್ಲರಿನ ಅರ್ಧ, ಇಷ್ಟು ಮಾತ್ರ ನೀರಿಗೆ ತಾಗಿರುತ್ತವೆ. ಇದನ್ನು ಬ್ರೂನೊ ಅಂಗೈ ಅಡ್ಡ ಹಿಡಿದು ಅಭಿನಯಿಸಿ ತೋರಿಸಿದ್ದನೇ ಹೊರತು ಶರ್ವಿನ್ ಕಣ್ಣಾರೆ ಕಂಡಿರಲಿಲ್ಲ. ರೇಸಿನ ದಿನ ಕ್ರೇನಿನಿಂದ ಬೋಟನ್ನು ನೀರಿಗೆ ಇಳಿಸಿದ್ದೇ ಕೆಲಸದವರೆಲ್ಲ ಕಂಟೇನರುಗಳ ಹಿಂದೆ ಸರಿಯಬೇಕು. ಅಲ್ಲಿಂದ ಕಾಣುವುದು ಕಂಟೇನರು. ಆಮೇಲೆ ಫೋನಿನಲ್ಲಿ ವಿಡಿಯೋ ನೋಡಬಹುದು, ಅದನ್ನು ಉಚ್ಚಿಲದವರೂ ನೋಡಬಹುದು.

ಮಾತಿಗೆ ಅವನ ದಿನದಲ್ಲಿ ಅಂಥ ಜಾಗವಿರಲಿಲ್ಲ. ಶೆಡ್ಡಿನಲ್ಲಿ ಬಾಯಿಗೆ ಮಾಸ್ಕು, ಕಿವಿಗೆ ಉಜ್ಜುವ ಯಂತ್ರದ ಸದ್ದು. ರೂಮಿನಲ್ಲಿ ನಾಲ್ಕು ಮಂಚ, ನಾಲ್ಕು ಶಿಫ್ಟು. ಮೇಲಿನ ಮಂಚದ ಡಿಕ್ಸನ್ ದೇರಾದ ಹೋಟೆಲಿನಲ್ಲಿ ಕೆಲಸ ಮಾಡಿ ಹಗಲು ಮಲಗುವವನು. ಒಂದೂವರೆ ವರ್ಷದಲ್ಲಿ ಶರ್ವಿನ್ ಅವನ ಮುಖಕ್ಕಿಂತ ಕಾಲುಗಳನ್ನೇ ಹೆಚ್ಚು ಕಂಡಿದ್ದ. ಎಡ ಹೆಬ್ಬೆರಳಿನ ಉಗುರು ಕಪ್ಪಾದದ್ದು, ಉದುರಿದ್ದು, ಮತ್ತೆ ಬೆಳೆದದ್ದು ಎಲ್ಲ ಗೊತ್ತು. ಹೇಗಾಯಿತು ಎಂದು ಕೇಳುವುದಕ್ಕೆ ಇಬ್ಬರೂ ಒಟ್ಟಿಗೆ ಎಚ್ಚರವಿರುವ ಹೊತ್ತು ಬಂದಿರಲಿಲ್ಲ. ರಜೆಯ ದಿನ ಗ್ರೋಸರಿಯಲ್ಲಿ ಒಂದು ಮೊಸರು ಕೇಳಿದರೆ ಗಂಟಲು ಕಟ್ಟಿ, ಎರಡನೇ ಸಲ ಹೇಳಬೇಕಾಗಿ ಬಂದು, ಅರೆ, ನಿನ್ನೆ ಸಂಜೆಯಿಂದ ಬಾಯಿಯೇ ತೆರೆದಿಲ್ಲವಲ್ಲ ಎಂದು ಅವನಿಗೆ ಹೊಳೆಯುತ್ತಿತ್ತು. ಇದನ್ನು ಅವನು ದುಃಖವೆಂದು ಎಣಿಸಿರಲಿಲ್ಲ. ಬ್ಯಾಟರಿ ಉಳಿತಾಯ ಎಂದುಕೊಂಡಿದ್ದ.

ಇಂಥವನ ಕೈಗೆ ರೇಡಿಯೋ ಬಂದದ್ದು ನವೆಂಬರಿನಲ್ಲಿ.

ಗಾಜಿನ ಮುಚ್ಚಳದೊಳಗೆ ಕೂತ ಚಾಲಕನಿಗೆ ಎದುರಿನದಷ್ಟೇ ಕಾಣುವುದು, ಅದೂ ಮುಂದಿನವನು ಎರಚುವ ನೀರು ಬಿಟ್ಟರೆ. ಹಿಂದೆ ಯಾರಿದ್ದಾರೆ, ತಿರುವಿನಲ್ಲಿ ಯಾರು ಮಗುಚಿದ್ದಾರೆ, ಯಾವ ಬದಿಯ ನೀರು ಅಲೆಯೆದ್ದು ಒಡೆದಿದೆ, ಇದನ್ನೆಲ್ಲ ದಡದ ಗೋಪುರದ ಮೇಲೆ ನಿಂತು ಅವನ ಕಿವಿಗೆ ಹೇಳುವ ಒಬ್ಬ ಬೇಕು. ತಂಡಕ್ಕೆ ಅಂಥವನಿದ್ದ, ಇನ್ನೊಂದು ತಂಡ ಕರೆಯಿತೆಂದು ಹೊರಟುಹೋದ. ಅಲ್ ಮಮ್ಜರ್‌ನ ಹಿನ್ನೀರಿನಲ್ಲಿ ಬೋಟನ್ನು ಮೆಲ್ಲಗೆ ಓಡಿಸಿ ನೋಡುವ ದಿನ ಬ್ರೂನೊ ತಾನೇ ರೇಡಿಯೋ ಹಿಡಿದ. ಅಲ್ಲಿ ವೇಗಕ್ಕೆ ಅನುಮತಿಯಿಲ್ಲ. ಬೋಟು ಕೆರೆಗಿಳಿದ ಎಮ್ಮೆಯ ಹಾಗೆ ಹೋಗುತ್ತದೆ. ಅಷ್ಟಕ್ಕೇ ಬ್ರೂನೊಗೆ ಆವೇಶ ಬಂದು ಅವನ ಇಂಗ್ಲಿಷು ಇಟಾಲಿಯನ್ ಆಗಿ, ಇಟಾಲಿಯನ್ ಬರೀ ಕೂಗಾಗಿ, ಒಳಗಿದ್ದ ಚಾಲಕ ಸುಹೈಲ್ ಇಯರ್‌ಫೋನನ್ನೇ ಕಿತ್ತುಹಾಕಿದ. ಯಾರಾದರೂ ಹಿಡಿಯಿರಿ ಎಂದು ಬ್ರೂನೊ ನೀಡಿದ ರೇಡಿಯೋ ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿದ್ದ ಶರ್ವಿನ್‌ನ ಕೈ ಸೇರಿತು. ಅವನು ತನಗೆ ಬರುವ ಹಿಂದಿಯಲ್ಲಿ, ಅರ್ಧ ಇಂಗ್ಲಿಷಿನಲ್ಲಿ, ಬಲಕ್ಕೆ ಮೀನಿನ ದೋಣಿ ಉಂಟು, ಎಡಕ್ಕೆ ಏನಿಲ್ಲ, ಈಗ ತಿರುಗಿ ಎಂದು, ಗ್ರೋಸರಿಯಲ್ಲಿ ಮೊಸರು ಕೇಳುವ ದನಿಯಲ್ಲೇ ಹೇಳಿದ.

ಸುಹೈಲ್ ಇಲ್ಲಿಯವನೇ, ಮೂವತ್ತೈದರ ಮಿತಭಾಷಿ. ಹಿಂದಿಯನ್ನು ಅಪ್ಪನ ದೇರಾದ ಅಂಗಡಿಯಲ್ಲಿ ಕೂತು ಕಲಿತವನು. ದಡಕ್ಕೆ ಬಂದು ಹೆಲ್ಮೆಟ್ ತೆಗೆದವನು, ಈ ದನಿ ಸಾಕು, ಇವನಿಗೆ ಯಾವುದರ ಮೇಲೂ ಉತ್ಸಾಹವೇ ಇಲ್ಲ, ನನಗೆ ಬೇಕಾದದ್ದು ಅದೇ ಎಂದ. ಜೀವನದಲ್ಲಿ ಮೊದಲ ಸಲ ಶರ್ವಿನ್‌ನ ಸ್ವಭಾವಕ್ಕೆ ಸರ್ಟಿಫಿಕೇಟು ಸಿಕ್ಕಿತು.

ತಂಡದ ಮ್ಯಾನೇಜರು ವೆಲಿಟಾ ಪಾಯ್ಸ್, ಅವನ ಊರ ಕಡೆಯ ಕುಲಶೇಖರದವಳು, ನಲವತ್ತು ದಾಟಿದವಳು. ಅವಳ ಕೊಂಕಣಿ ಅವನಿಗೆ ಬಾರದು, ಅವನ ತುಳು ಅವಳಿಗೆ ಅರ್ಧವಷ್ಟೇ ಬರುತ್ತದೆ. ಹಾಗಾಗಿ ಇಬ್ಬರೂ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಮಾತಾಡುತ್ತಿದ್ದರು. ಅವಳು ವಿಷಯವನ್ನು ಸ್ಪಷ್ಟವಾಗಿ ಮುಂದಿಟ್ಟಳು. ಡಿಸೆಂಬರಿನಲ್ಲಿ ಅಬುಧಾಬಿಯ ಕಡಲದಂಡೆ ಕಾರ್ನಿಷ್‌ನಲ್ಲಿ ರೇಸು. ಅಲ್ಲಿ ಸರಿಯಾಗಿ ನಿಭಾಯಿಸಿದರೆ ಇಡೀ ಸೀಸನ್ನಿಗೆ ರೇಡಿಯೋ ಅವನದು. ತಂಡದ ಜತೆ ನಾಲ್ಕು ದೇಶ ತಿರುಗಬೇಕು, ದಿನಾ ಸುಹೈಲ್‌ನ ಪಕ್ಕ ಕೂತು ಓಟದ ದಾರಿ ಓದಬೇಕು, ಊಟ ತಿಂಡಿಯೆಲ್ಲ ಅವರೊಟ್ಟಿಗೆ. ಎಡವಟ್ಟಾದರೆ ಮತ್ತೆ ಫೈಬರಿಗೆ.

"ಒಂದೇ ನಿಯಮ ಮಾರಾಯ, ಇದೊಂದು ಮರೀಬೇಡ," ಎಂದಳು. "ರೇಡಿಯೋ ಸುಮ್ಮನಿರಬಾರದು. ಮೂರು ಸೆಕೆಂಡು. ಅಷ್ಟರೊಳಗೆ ಎಂತಾದ್ರೂ ಹೇಳ್ತಾ ಇರ್ಬೇಕು."

ಹೇಳಲು ಏನೂ ಇಲ್ಲದಿದ್ದರೆ ಕ್ಲಿಯರ್ ಅನ್ನಬೇಕು. ಮತ್ತೆ ಕ್ಲಿಯರ್. ದನಿ ನಿಂತಿತೆಂದರೆ ಒಳಗಿರುವವನಿಗೆ ಒಂದೇ ಅರ್ಥ: ಹೇಳುವವನು ಬಾಯಿ ಕಟ್ಟಿಹೋಗುವಂಥದ್ದೇನನ್ನೋ ಕಂಡಿದ್ದಾನೆ. ಆಗ ಚಾಲಕ ಯೋಚಿಸುತ್ತ ಕೂರುವುದಿಲ್ಲ, ಪೆಡಲಿನಿಂದ ಕಾಲು ತೆಗೆಯುತ್ತಾನೆ. ಈ ಬೋಟುಗಳು ಮಗುಚುವುದು ಅಡಿಯ ಗಾಳಿಯಿಂದ. ಗಾಳಿ ಅಡಿಗೆ ನುಗ್ಗಿ ಮೂತಿ ಎದ್ದರೆ, ಏಳುತ್ತಿರುವುದು ಒಳಗಿನವನಿಗಿಂತ ಮೊದಲು ಹೊರಗಿನವನಿಗೆ ಗೊತ್ತಾಗುತ್ತದೆ.

ಅಂತೂ ದಿನಕ್ಕೆ ಹತ್ತು ವಾಕ್ಯ ಆಡದವನು ಮೂರು ಸೆಕೆಂಡಿಗೊಂದು ವಾಕ್ಯ ಆಡುವ ಕೆಲಸಕ್ಕೆ ಸೇರಿದ. ಅಭ್ಯಾಸಕ್ಕೆ ಜನ ಬೇಕಲ್ಲ. ಮೆಟ್ರೋದ ಗ್ರೀನ್ ಲೈನಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಮೆಲುದನಿಯಲ್ಲಿ, ಎಡಕ್ಕೆ ಬಸ್ಸು, ಬಲಕ್ಕೆ ಕ್ಲಿಯರ್, ಮುಂದೆ ತಿರುವು ಎಂದು ಗೊಣಗತೊಡಗಿದ. ಪಕ್ಕದವರು ಎದ್ದು ದೂರ ಹೋದರು. ಆ ಮೂರು ವಾರ ಅವನಿಗೆ ಮೆಟ್ರೋದಲ್ಲಿ ಸೀಟಿನ ತೊಂದರೆಯೇ ಆಗಲಿಲ್ಲ. ಉಳಿದವರಿಗೆ ಹೇಳಿಕೊಳ್ಳದಿದ್ದರೂ ತನ್ನೊಳಗೆ ಒಂದು ಮಾತು ಗಟ್ಟಿಯಾಗಿತ್ತು: ನಾಲ್ಕು ದೇಶವೇನೂ ಬೇಡ, ವಾರಕ್ಕೆ ಇಪ್ಪತ್ತು ನಿಮಿಷ ತನ್ನ ಮಾತನ್ನು ಒಬ್ಬ ಮನುಷ್ಯ ಕಿವಿಗೊಟ್ಟು ಕೇಳುತ್ತಾನಲ್ಲ, ಅದು ಬೇಕು.

ರೇಸಿನ ದಿನ ಗೋಪುರ ಹತ್ತಿದ. ಗೋಪುರವೆಂದರೆ ಕಬ್ಬಿಣದ ಕೊಳವೆಗಳ ಮೇಲೆ ಹಾಸಿದ ಹಲಗೆ. ಬೇರೆ ತಂಡಗಳ ರೇಡಿಯೋದವರು ಒಂಬತ್ತು ಮಂದಿ ಆಗಲೇ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಇವನು ನಮಸ್ಕಾರದಂಥದ್ದೇನೋ ಹೇಳಿದ. ಯಾರೂ ತಿರುಗಲಿಲ್ಲ. ಎಲ್ಲರೂ ನೀರಿನ ಕಡೆ ಮುಖ ಮಾಡಿ, ತಂತಮ್ಮ ಭಾಷೆಯಲ್ಲಿ, ಅಲ್ಲಿಲ್ಲದ ಯಾರೊಂದಿಗೋ ಆಪ್ತವಾಗಿ ಮಾತಾಡುತ್ತಿದ್ದರು. ಇದು ಅವನಿಗೆ ಹೊಸ ಜಾಗ ಅನ್ನಿಸಲೇ ಇಲ್ಲ. ಸಂಜೆಯ ಮೆಟ್ರೋವನ್ನು ಸಮುದ್ರಕ್ಕೆ ಎದುರಾಗಿ ನಿಲ್ಲಿಸಿದ ಹಾಗಿತ್ತು.

ಮೊದಲ ಓಟದಲ್ಲಿ ಅವನ ಕಣ್ಣಿಗೆ ಸುಹೈಲ್‌ನ ಬೋಟು ಸರಿಯಾಗಿ ಬೀಳಲೇ ಇಲ್ಲ. ಹತ್ತು ಬೋಟು ಒಟ್ಟಿಗೆ ಎಬ್ಬಿಸಿದ ನೀರಿನ ಗೋಡೆಯ ನಡುವೆ ಯಾವುದು ಯಾವುದೋ. ಸುತ್ತಲಿನ ಬೋಟು, ಮುಂದಿನ ನೀರು, ದಾರಿಯ ಗುರುತಿಗೆ ತೇಲಿಬಿಟ್ಟ ಕೆಂಪು ಬುರುಡೆಗಳು ಇವನ್ನೇ ನೋಡುತ್ತ ಹೇಳುತ್ತ ಹೋದ. ಸುಹೈಲ್ ಐದನೆಯವನಾಗಿ ಮುಗಿಸಿದ. ಎರಡನೆಯದರಲ್ಲಿ ಮೂರನೆಯವನಾದ. ಬ್ರೂನೊ ಕೆಳಗಿನಿಂದ ಹೆಬ್ಬೆರಳು ಎತ್ತಿ ತೋರಿಸಿದ. ಓಟ ಮುಗಿದು ಬೋಟು ಮೆಲ್ಲಗೆ ಹಿಂದಿರುಗುತ್ತಿರುವಾಗ ಕಿವಿಯಲ್ಲಿ ಸುಹೈಲ್‌ನ ದನಿ ಬಂತು.

"ಶರ್ವಿನ್, ಊಟ ಮಾಡಿದೆಯಾ?"

ಇಲ್ಲ, ಆಮೇಲೆ ಮಾಡುತ್ತೇನೆ ಎಂದು ಇವನು ಹೇಳಿದ. ಮಾಡು, ಗೋಪುರದ ಮೇಲೆ ಬಿಸಿಲು ಜಾಸ್ತಿ, ನೀರು ಕುಡಿ ಎಂದಿತು ಆ ದನಿ. ಅಷ್ಟೇ. ಅವನು ಕೆಳಗಿಳಿದು ಬಿರಿಯಾನಿಯ ಡಬ್ಬಿ ತೆರೆದರೆ ತುತ್ತು ಇಳಿಯಲಿಲ್ಲ. ಇಷ್ಟು ಸಣ್ಣ ಮಾತಿಗೆ ಇಷ್ಟೊಂದು ಕರಗುವ ಪ್ರಾಣಿಯನ್ನು ಏನೆನ್ನಬೇಕು ಎಂದು ತನ್ನನ್ನೇ ಬೈದುಕೊಂಡು, ಡಬ್ಬಿ ಮುಚ್ಚಿ, ನೀರು ಕುಡಿದು ಮತ್ತೆ ಹತ್ತಿದ.

ಮೂರನೆಯದು ಕೊನೆಯ ಓಟ. ಬಿಸಿಲು ಇಳಿದಿತ್ತು. ಮೊದಲ ತಿರುವಿನಲ್ಲೇ ಮುಂದಿನ ಇಬ್ಬರು ಒಬ್ಬರ ನೀರಿಗೆ ಒಬ್ಬರು ಸಿಕ್ಕಿ ತಿರುವಿನ ಹೊರಬದಿಗೆ ಜಾರಿದರು. ಒಳಗೆ ಕ್ಲಿಯರ್, ಒಳಗೆ, ಒಳಗೆ ಎಂದು ಶರ್ವಿನ್ ಹೇಳಿದ. ಸುಹೈಲ್ ಒಳಗಿನಿಂದ ನುಗ್ಗಿ ಮೊದಲಿಗನಾದ. ಒಂದು ಸುತ್ತು, ಎರಡು ಸುತ್ತು. ಹಿಂದಿನವರು ದೂರವಾದರು. ಇನ್ನು ಮೂರು ಸುತ್ತು ಉಳಿದಿತ್ತು. ಅಕ್ಕಪಕ್ಕ ಯಾರಿಲ್ಲ, ಮುಂದೆ ಒಡೆಯದ ನೀರು, ಬುರುಡೆಗಳ ಸಾಲು ನೇರ. ಹೇಳಲು ಏನೂ ಇರಲಿಲ್ಲ. ಕ್ಲಿಯರ್, ಎಂದ. ಕ್ಲಿಯರ್.

ಆಗ ಅವನು ಬೋಟನ್ನು ನೋಡಿದ.

ದೂರದ ತಿರುವಿನಿಂದ ಹೊರಬಿದ್ದು ಅದು ಮೈ ಸರಿಮಾಡಿಕೊಂಡಿತು, ಎದ್ದಿತು, ಮತ್ತೆ ಇಳಿಯಲಿಲ್ಲ. ಬೋಟಿಗೂ ನೀರಿಗೂ ನಡುವೆ ಬೆಳಕಿನ ಒಂದು ಗೆರೆ ಕಂಡಿತು. ಅಂಗಾತ ಮಲಗಿ ಎರಡು ವರ್ಷ ಅವನು ಉಜ್ಜಿದ್ದ ಆ ಅಡಿ, ಯಾವ ಕಡೆ ಎಷ್ಟು ಪದರ ಬಟ್ಟೆ ಉಂಟೆಂದು ಕಣ್ಣು ಮುಚ್ಚಿ ಹೇಳಬಲ್ಲ ಆ ಅಡಿ, ಯಾವುದಕ್ಕೂ ತಾಗದೆ ಬರುತ್ತಿತ್ತು. ಹಿಂದೆ ಮೂರು ಮಾಳಿಗೆಯಷ್ಟು ಎತ್ತರಕ್ಕೆ ನೀರಿನ ಬಾಲ ಎದ್ದು, ಇಳಿಬಿಸಿಲು ಹೊಕ್ಕು, ಬೀಳಲು ಮರೆತಂತೆ ನಿಂತಿತ್ತು. ಬ್ರೂನೊನ ಅಂಗೈಯ ಅಭಿನಯವೆಲ್ಲಿ, ಇದೆಲ್ಲಿ.

ಇಂಜಿನ್ನಿನ ಸದ್ದು ತಟ್ಟನೆ ಕುಗ್ಗಿತು. ಮೂತಿ ಕೆಳಗಿಳಿದು ಬೋಟು ನೀರನ್ನು ಉಳತೊಡಗಿತು. ಏನಾಯಿತೆಂದು ಶರ್ವಿನ್ ನೋಡುವಷ್ಟರಲ್ಲಿ ಹಿಂದಿದ್ದ ಒಂದು ಬೋಟು ದಾಟಿತು, ಇನ್ನೊಂದು ದಾಟಿತು.

"ಶರ್ವಿನ್? ಶರ್ವಿನ್, ಏನು?"

ಏನಾಯಿತೆಂದು ಅವನಿಗೆ ಆಗ ತಿಳಿಯಿತು: ನಿಂತದ್ದು ತನ್ನ ದನಿ. ಏನಿಲ್ಲ, ಕ್ಲಿಯರ್, ಹೋಗಿ ಹೋಗಿ ಎಂದ. ಸುಹೈಲ್ ಮತ್ತೆ ವೇಗ ಹಿಡಿಯುವಾಗ ಮೂರನೆಯವನೂ ದಾಟಿಯಾಗಿತ್ತು. ಉಳಿದ ಮೂರು ಸುತ್ತನ್ನು ಇವನು ಒಂದೇ ಒಂದು ಉಸಿರು ಖಾಲಿ ಬಿಡದೆ ಮಾತಾಡಿದ. ನಾಲ್ಕನೆಯ ಸ್ಥಾನ.

ಗೋಪುರ ಇಳಿದು ಬರುವಾಗ ಬ್ರೂನೊ ಕಾಯುತ್ತ ನಿಂತಿದ್ದ. ಬೈಯುವ ಮೊದಲೇ ರೇಡಿಯೋ ಕಸಿದುಕೊಂಡು ಬಿಚ್ಚಿದ. ಕೇಬಲಿನ ಬುಡದಲ್ಲಿ ಉಪ್ಪುಗಾಳಿಗೆ ಹಸಿರು ಹಿಡಿದಿತ್ತು. ಅದನ್ನು ಉಗುರಿನಿಂದ ಕೆರೆದು, ಇದೇ, ದನಿ ಕಡಿದದ್ದು ಇದರಿಂದಲೇ ಎಂದು ವೆಲಿಟಾಳಿಗೆ ತೋರಿಸಿ, ಅರ್ಧ ಸಿಟ್ಟಿಳಿದವನಾಗಿ ಹೋದ. ವೆಲಿಟಾ ಕೇಬಲನ್ನೂ ಶರ್ವಿನ್‌ನ ಮುಖವನ್ನೂ ನೋಡಿದಳು.

"ಕೇಬಲ್ ಅಂತ ಹೇಳು, ಮುಗೀತು," ಎಂದಳು ಕನ್ನಡದಲ್ಲಿ. "ಹೊಸದು ತರಿಸ್ತೇನೆ. ಮುಂದಿನ ರೇಸಿಗೆ ನೀನೇ ಇರ್ತಿ."

ಇದರಲ್ಲಿ ಯಾರಿಗೂ ನಷ್ಟವಿರಲಿಲ್ಲ. ಕೇಬಲಿಗೂ ಮಾನ ಮರ್ಯಾದೆಯ ಪ್ರಶ್ನೆಯಿಲ್ಲ. ಶರ್ವಿನ್ ತಲೆಯಾಡಿಸಿ, ಹೇಳಬೇಕಾದ ಎರಡು ವಾಕ್ಯವನ್ನು ಹಿಂದಿಯಲ್ಲಿ ಜೋಡಿಸಿಕೊಳ್ಳುತ್ತ ಸುಹೈಲ್‌ನ ಟೆಂಟಿಗೆ ಹೋದ.

ಸುಹೈಲ್ ಕುರ್ಚಿಯಲ್ಲಿ ಕೂತು ಕೈಗವಸು ತೆಗೆಯುತ್ತಿದ್ದ. ಬಲಗೈಯ ಗವಸು ಬೇಗ ಬರಲಿಲ್ಲ. ಅವನು ಸಿಟ್ಟಾಗಿರಲಿಲ್ಲ. ಅದೇ ಕಷ್ಟವಾಯಿತು.

"ಮೂತಿ ಏಳುತ್ತಿದೆ ಅಂದುಕೊಂಡೆ," ಎಂದ. "ನನಗೆ ಗೊತ್ತಾಗ್ತಾ ಇಲ್ಲ, ನಿನಗೆ ಕಾಣ್ತಾ ಇದೆ ಅಂದುಕೊಂಡೆ. ಮಗುಚಿದರೆ ಹೊರಬರೋದಕ್ಕೆ ಅಡಿಯಲ್ಲೊಂದು ಬಾಗಿಲಿದೆಯಲ್ಲ, ಕೈ ಅದನ್ನ ಹುಡುಕ್ತಾ ಇತ್ತು. ನಾಲ್ಕು ಸೆಕೆಂಡು. ಆ ಗೂಡಿನೊಳಗೆ ಅಷ್ಟು ಒಂಟಿಯಾಗಿ ನಾನು ಯಾವತ್ತೂ ಕೂತಿಲ್ಲ. ನೀನು ಏನು ಕಂಡೆ?"

ಕೇಬಲ್ ಎಂಬ ಪದ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಆ ನಾಲ್ಕು ಸೆಕೆಂಡನ್ನು ಈ ಮನುಷ್ಯನ ಕೈಯಲ್ಲಿ ಕೊಟ್ಟವನು ತಾನು. ಒಂಟಿತನದ ಬಗ್ಗೆ ತನಗೆ ಏನೇನೋ ಗೊತ್ತು ಎಂದು ತಿಳಿದಿದ್ದವನು ಅದನ್ನು ಇನ್ನೊಬ್ಬನಿಗೆ, ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ, ಹಂಚಿಬಿಟ್ಟಿದ್ದ.

"ಅಪಾಯ ಏನೂ ಇರಲಿಲ್ಲ," ಎಂದ ಶರ್ವಿನ್. "ಬೋಟನ್ನು ನೋಡ್ತಾ ನಿಂತೆ. ಓಡೋದನ್ನ ಅದಕ್ಕೆ ಮೊದಲು ಸರಿಯಾಗಿ ನೋಡಿರಲಿಲ್ಲ. ಚೆನ್ನಾಗಿತ್ತು."

ಸುಹೈಲ್ ಗವಸು ಬಿಟ್ಟು ತಲೆಯೆತ್ತಿದ.

"ಅದನ್ನೇ ಹೇಳಬಹುದಿತ್ತಲ್ಲ," ಎಂದ. "ಚೆನ್ನಾಗಿದೆ ಅಂತ. ಅದೂ ಮಾತೇ."

ಮತ್ತೆ ಗವಸಿನ ಕಡೆ ತಿರುಗಿದ. ಶರ್ವಿನ್ ಹೊರಗೆ ಬಂದ. ಅದು ಬೈಗುಳವೋ ಕ್ಷಮೆಯೋ ಎಂದು ದುಬೈವರೆಗಿನ ಒಂದೂವರೆ ಗಂಟೆ ದಾರಿಯಲ್ಲಿ ಟ್ರಕ್ಕಿನಲ್ಲಿ ಕೂತು ಲೆಕ್ಕ ಹಾಕಿದ. ಕ್ಷಮೆ ಎಂದು ಎರಡು ಸಲ ಬಂತು, ಬೈಗುಳ ಎಂದು ಒಂದು ಸಲ. ಬಹುಮತವನ್ನು ನಂಬಿ ಮಲಗಿದ.

ಸೋಮವಾರ ವೆಲಿಟಾ ಶೆಡ್ಡಿಗೇ ಬಂದಳು. ಆಫೀಸಿಗೆ ಕರೆಸಬಹುದಿತ್ತು, ಕರೆಸಲಿಲ್ಲ; ಅದರಲ್ಲೇ ಅವನಿಗೆ ಅರ್ಧ ತಿಳಿಯಿತು. ಅವಳು ಬೋಟಿನ ತೋಳಿನ ಮೇಲೆ ಕೈಯಿಟ್ಟುಕೊಂಡು ಹೇಳಿದಳು. ಸುಹೈಲ್‌ಗೆ ಬೇಸರವಿಲ್ಲ. ನಿಜ ಹೇಳಿದ್ದಕ್ಕೆ ಮೆಚ್ಚಿದ್ದಾನೆ ಕೂಡ. ಆದರೆ ಇನ್ನು ಮುಂದೆ ಶರ್ವಿನ್‌ನ ದನಿ ನಿಂತರೆ, ಇವನು ಅಪಾಯ ನೋಡುತ್ತಿದ್ದಾನೋ ಅಂದ ನೋಡುತ್ತಿದ್ದಾನೋ ಎಂದು ಅವನು ಯೋಚಿಸಬೇಕಾಗುತ್ತದೆ. ಆ ವೇಗದಲ್ಲಿ ಯೋಚಿಸಲು ಆಗುವುದಿಲ್ಲ. ಅವನಿಗೆ ಮೌನಕ್ಕೆ ಒಂದೇ ಅರ್ಥವಿರುವ ಮನುಷ್ಯ ಬೇಕಂತೆ. ಹಂಗೇರಿಯಿಂದ ಒಬ್ಬ ಬರುತ್ತಿದ್ದಾನೆ.

"ಕೇಬಲ್ ಅಂದಿದ್ರೆ ಆಗ್ತಿತ್ತಲ್ಲ ಮಾರಾಯ," ಎಂದಳು. ದನಿಯಲ್ಲಿ ಸಿಟ್ಟಿತ್ತು, ಅದು ಅವನ ಪರವಾದ ಸಿಟ್ಟು. "ಎಂತಕ್ಕೆ ಹೇಳ್ಲಿಕ್ಕೆ ಹೋದದ್ದು?"

ಅವನಿಗೆ ಉತ್ತರ ಗೊತ್ತಿತ್ತು, ಆದರೆ ಅದು ಉದ್ದವಿತ್ತು. "ಹಿಂದಿಯಲ್ಲಿ ಸುಳ್ಳು ಹೇಳುವಷ್ಟು ವ್ಯಾಕರಣ ಬರುವುದಿಲ್ಲ ಮೇಡಂ," ಎಂದ. ಅವಳು ನಗಲಿಲ್ಲ. ಹೊಸಬನಿಗೆ ಒಂದು ಹಾಳೆಯಲ್ಲಿ ಕೆಲಸದ ವಿವರ ಬರೆದುಕೊಡಲು ಹೇಳಿ ಹೋದಳು.

ಅವನು ಎರಡು ಸಂಜೆ ಕೂತು ಬರೆದ. ಕಾರ್ನಿಷ್‌ನಲ್ಲಿ ಗಾಳಿ ಎಷ್ಟು ಹೊತ್ತಿಗೆ ತಿರುಗುತ್ತದೆ, ಸುಹೈಲ್‌ಗೆ ಎಡ ಬಲವನ್ನು ಎಷ್ಟು ಮೊದಲು ಹೇಳಬೇಕು, ಯಾವ ಪದವನ್ನು ಹಿಂದಿಯಲ್ಲೇ ಹೇಳಿದರೆ ಒಳ್ಳೆಯದು, ಎರಡು ಓಟಗಳ ನಡುವೆ ಊಟವಾಯಿತೇ ಎಂದು ಅವನು ಕೇಳಿದರೆ ಆಯಿತು ಎನ್ನಬೇಕು. ಒಟ್ಟು ಏಳು ಅಂಶ. ವೆಲಿಟಾ ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ಪ್ಲಾಸ್ಟಿಕ್ಕಿನಲ್ಲಿ ಹೊದಿಸಿದಳು.

ಹಂಗೇರಿಯವನ ಹೆಸರು ಮಿಕ್ಲೋಶ್. ತೆಳ್ಳಗಿನ, ಸಭ್ಯ ಮನುಷ್ಯ. ಜನವರಿಯಲ್ಲಿ ಅದೇ ಕಾರ್ನಿಷ್‌ನಲ್ಲಿ ಪೂರ್ತಿ ವೇಗದ ಅಭ್ಯಾಸವಿದ್ದ ಬೆಳಿಗ್ಗೆ ಶರ್ವಿನ್ ಅವನನ್ನು ಗೋಪುರಕ್ಕೆ ಕರೆದುಕೊಂಡು ಹೋಗಿ ಎಲ್ಲಿ ನಿಲ್ಲಬೇಕೆಂದು ತೋರಿಸಿದ. ಮಿಕ್ಲೋಶ್ ಹಾಳೆಯನ್ನು ಪೂರ್ತಿ ಓದಿದ್ದ. ಆರು ಅಂಶ ಬಹಳ ಉಪಯುಕ್ತ, ಆದರೆ ನಾಲ್ಕನೆಯದು ಅರ್ಥವಾಗಲಿಲ್ಲ ಎಂದ. ಅಲ್ಲಿ, ಬೋಟನ್ನು ನೋಡಬೇಡ, ಬೋಟಿನ ಮುಂದಿನ ನೀರನ್ನು ನೋಡು ಎಂದಿತ್ತು. ಬೋಟನ್ನು ನೋಡದೆ ಹೇಳುವುದು ಹೇಗೆ?

ಶರ್ವಿನ್ ವಿವರಿಸತೊಡಗಿದ. ಅದು ತಿರುವಿನಿಂದ ಹೊರಬಂದು ಒಂದು ಕ್ಷಣ ತಡೆಯುತ್ತದೆ, ಆಮೇಲೆ ಅಡಿಯಲ್ಲಿ ಬೆಳಕು ಕಾಣುತ್ತದೆ, ಆಗ ಏನಾಗುತ್ತದೆ ಎಂದರೆ, ಎಂದು ಕೈಯೆತ್ತಿ ಅಂಗೈ ಅಡ್ಡ ಹಿಡಿದ. ಮಿಕ್ಲೋಶ್ ತಲೆಯಾಡಿಸುತ್ತ ಕೇಳುತ್ತಿದ್ದವನು ಕ್ಷಮೆ ಕೇಳುವಂತೆ ಒಂದು ಬೆರಳೆತ್ತಿ, ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡು ನೀರಿನ ಕಡೆ ತಿರುಗಿದ. ಸುಹೈಲ್ ಆ ಕಡೆಯಿಂದ ಏನೋ ಕೇಳಿರಬೇಕು. ಹೌದು, ತಿಂಡಿ ಆಯಿತು ಎಂದ ಮಿಕ್ಲೋಶ್, ಎಡಕ್ಕೆ ಕ್ಲಿಯರ್, ಬಲಕ್ಕೆ ಕ್ಲಿಯರ್.

ಕೆಳಗೆ ಬ್ರೂನೊ ಹಗ್ಗ ಹಿಡಿಯಲು ಕೂಗುತ್ತಿದ್ದ. ಶರ್ವಿನ್ ಏಣಿ ಇಳಿಯತೊಡಗಿದ.